ಕಡ್ಲೆ ಈಜು ಕಲಿತ ಬೇಸಿಗೆ

ಆ ಮನೆಯನ್ನು ನೆನೆದರೆ ಮೊದಲು ಬರುವುದು ವಾಸನೆ. ಒದ್ದೆ ನಾಯಿಯ ವಾಸನೆ, ಹಿತ್ತಲ ಕಾಲುವೆಯಲ್ಲಿ ಕೊಳೆತ ಎಲೆಯ ವಾಸನೆ, ಇವೆರಡನ್ನೂ ಮುಚ್ಚಲೆಂದು ಅಮ್ಮ ಹಚ್ಚಿಡುತ್ತಿದ್ದ ಊದುಬತ್ತಿಯ ವಾಸನೆ. ಮೂರೂ ಸೇರಿ ಗಂಟಲಲ್ಲಿ ಒಂದು ಮುದ್ದೆಯಾಗಿ ಕೂರುತ್ತಿತ್ತು. ಈಗ ನಾನಿರುವುದು ಡಚ್ಚರ ನಾಡಿನ ಉತ್ತರದ ಊರು ಗ್ರೋನಿಂಗನ್ನಿನಲ್ಲಿ, ಮೂರನೆಯ ಮಹಡಿಯಲ್ಲಿ, ಕಿಟಕಿಯಿಂದ ನೀರು ಕಾಣದಂಥ ಮನೆಯನ್ನೇ ಹುಡುಕಿ ಹಿಡಿದು. ಆದರೂ ಯಾರದೋ ನಾಯಿ ಲಿಫ್ಟಿನೊಳಗೆ ಮೈ ಕೊಡವಿದರೆ ಸಾಕು, ನಾನು ಮತ್ತೆ ಹನ್ನೊಂದು ವರ್ಷದವಳಾಗಿ ಮೂಗು ಮುಚ್ಚಿಕೊಂಡು ಗೋಡೆಗೆ ಒರಗುತ್ತೇನೆ.

ಬಾಡ್‌ಹೂವೆಡಾರ್ಪಿನ ಆ ಮನೆ, ಗೋಡೆಗೆ ಗೋಡೆ ಅಂಟಿಕೊಂಡ ಎಂಟು ಮನೆಗಳ ಸಾಲಿನಲ್ಲಿ ಕೊನೆಯದು. ವಿಮಾನ ನಿಲ್ದಾಣ ಪಕ್ಕದಲ್ಲೇ ಇದ್ದ ಊರು. ತಲೆಯ ಮೇಲೆ ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ ಮಾತಿನ ನಡುವೆ ನಿಲ್ಲಿಸಿ, ಅದು ಹೋದಮೇಲೆ ಮುಂದುವರಿಸುವುದು ನಮಗೆಲ್ಲ ಅಭ್ಯಾಸವಾಗಿತ್ತು. ಕೆಳಗೆ ಬೀದಿಯಿಂದ ಹಿತ್ತಲವರೆಗೆ ಒಂದೇ ಉದ್ದನೆಯ ಕೋಣೆ, ಮಗ್ಗುಲಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುವ ಅಡಿಗೆಮನೆ, ಏಣಿಯಷ್ಟು ಕಡಿದಾದ ಮೆಟ್ಟಿಲು. ಮೆಟ್ಟಿಲ ಕೆಳಗಿನ ಗೂಡನ್ನು ಅಮ್ಮ ದೇವರಿಗೆ ಬಿಟ್ಟುಕೊಟ್ಟಿದ್ದಳು. ಆ ಗೂಡಿನ ಹಿಂಗೋಡೆಯ ಆಚೆಗೇ ಕಕ್ಕಸು. ದೇವರೂ ಕಕ್ಕಸೂ ಒಂದೇ ಗೋಡೆ ಹಂಚಿಕೊಂಡಿರುವುದನ್ನು ಅಮ್ಮ ಆ ಮನೆಯಲ್ಲಿದ್ದ ಅಷ್ಟೂ ವರ್ಷ ಒಪ್ಪಿಕೊಳ್ಳಲಿಲ್ಲ. ಸಾಲದ್ದಕ್ಕೆ ಆ ಕಕ್ಕಸು ಹಳೆಯ ಡಚ್ ಮಾದರಿಯದು. ಅದರೊಳಗೆ ಒಂದು ಪುಟ್ಟ ಜಗಲಿಯಿರುತ್ತದೆ. ಹೊಟ್ಟೆಯಿಂದ ಹೋದದ್ದು ನೀರಿಗೆ ಬೀಳದೆ ಆ ಜಗಲಿಯ ಮೇಲೆ ಕೂತು ನಮ್ಮನ್ನೇ ನೋಡುತ್ತದೆ. ಅಮ್ಮ ಪ್ರತಿ ಸಲವೂ ಬಾಲ್ದಿಯಲ್ಲಿ ನೀರು ಹೊತ್ತುಕೊಂಡೇ ಒಳಗೆ ಹೋಗುತ್ತಿದ್ದಳು. ಹೊರಗೆ ಬಂದವಳ ಮುಖ ಹಾಗಲಕಾಯಿ ಅಗಿದವರ ಮುಖದ ಹಾಗಿರುತ್ತಿತ್ತು. ಬಣ್ಣ, ಮೂಗು, ಕೂದಲು ಎಲ್ಲದರಲ್ಲೂ ನಾನು ಅಪ್ಪನ ಮಗಳೆಂದು ಎಲ್ಲರೂ ಹೇಳುತ್ತಿದ್ದರು. ಅಮ್ಮನಿಂದ ನನಗೆ ಬಂದದ್ದು ಆ ಮುಖ ಒಂದೇ. ಎಂಜಲು ಲೋಟ, ಒದ್ದೆ ಕಾಲೊರಸು, ಸಿಂಕಿನ ತೂತಿನಲ್ಲಿ ಸಿಕ್ಕ ಅನ್ನದ ಅಗುಳು, ಶಾಲೆಯಲ್ಲಿ ಪಕ್ಕದ ಹುಡುಗ ಬ್ರೆಡ್ಡಿನ ಮೇಲೆ ಬಳಿದುಕೊಂಡು ತಿನ್ನುವ ಕಂದು ಲಿವರ್ ಪೇಸ್ಟು, ಯಾವುದನ್ನು ಕಂಡರೂ ನನ್ನ ಮುಖ ಹಾಗೇ ಆಗುತ್ತಿತ್ತು.

ಅಪ್ಪನಿಗೆ ಹೇಸಿಗೆ ಎಂಬುದೇ ಇರಲಿಲ್ಲ. ಮೈಸೂರಿನ ಕಟ್ಟಾ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿದ ಮನುಷ್ಯ ಶನಿವಾರದ ಸಂತೆಯಲ್ಲಿ ಹಸಿ ಹೆರಿಂಗ್ ಮೀನನ್ನು ಬಾಲ ಹಿಡಿದು ಎತ್ತಿ, ತಲೆ ಹಿಂದಕ್ಕೆ ಹಾಕಿ, ಈರುಳ್ಳಿ ಚೂರಿನ ಸಮೇತ ಗಂಟಲಿಗೆ ಇಳಿಸುತ್ತಿದ್ದ. ಆಮೇಲೆ ಪುದೀನಾ ಪೆಪ್ಪರ್‌ಮಿಂಟು ಚೀಪುತ್ತಾ ಮನೆಗೆ ಬಂದು ಅಮ್ಮನ ಎದುರು ಏನೂ ಆಗದವನಂತೆ ಪೇಪರು ಬಿಡಿಸುತ್ತಿದ್ದ. ಅಮ್ಮ ಉಡುಪಿಯ ಕಡೆಯವಳು. ಅವಳ ಮೂಗಿಗೆ ಮೀನು ಯಾವುದೆಂದು ಪೆಪ್ಪರ್‌ಮಿಂಟಿನ ಮರೆಯಲ್ಲೂ ತಿಳಿಯುತ್ತಿತ್ತು. ಆವತ್ತು ಅವಳು ಅಪ್ಪನ ತಟ್ಟೆಯನ್ನು ಬೇರೆಯಾಗಿ ತೊಳೆಯುತ್ತಿದ್ದಳು. ಮಾತಿಲ್ಲದೆ, ಶಬ್ದ ಮಾಡಿ.

ಇಂಥ ಮನೆಗೆ ನಾಯಿ ಬಂತು. ಪಕ್ಕದ ಮನೆಯಲ್ಲಿ ರೀಟ್ ಎಂಬ ಮುದುಕಿ ಒಬ್ಬರೇ ಇದ್ದರು. ಅಮ್ಮ ಅವರನ್ನು ರೀಟಕ್ಕ ಎನ್ನುತ್ತಿದ್ದಳು. ರುಮೇನಿಯಾ ದೇಶದ ಬೀದಿಯಿಂದ ಯಾರೋ ಎತ್ತಿ ತಂದಿದ್ದ ಒಂದು ನಾಯಿಯನ್ನು ಅವರು ಸಾಕಿಕೊಂಡಿದ್ದರು. ತಿಳಿಕಂದು ಬಣ್ಣ, ಹರಿದ ಒಂದು ಕಿವಿ, ನಡುವೆ ಹಿಸುಕಿದಂತೆ ಸಣ್ಣಗಾದ ಸೊಂಟ. ಒಂದು ಬೆಳಿಗ್ಗೆ ರೀಟಕ್ಕ ಮೆಟ್ಟಿಲಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಅಪ್ಪನ ಕೈ ಹಿಡಿದು, ಮೂರೇ ವಾರ ನೋಡಿಕೊಳ್ಳಿ ಎಂದರು. ಅಪ್ಪ ಹೂಂ ಎಂದುಬಿಟ್ಟ. ಮೂರು ವಾರ ಮುಗಿಯುವ ಹೊತ್ತಿಗೆ ಅವರನ್ನು ವೃದ್ಧರ ಆರೈಕೆಯ ಮನೆಗೆ ಸೇರಿಸಿಯಾಗಿತ್ತು. ಅಲ್ಲಿ ನಾಯಿಗೆ ಜಾಗವಿರಲಿಲ್ಲ. ನಾಯಿಯ ಹೆಸರು ಪಿಂಡಾ. ಡಚ್ಚಿನಲ್ಲಿ ಹಾಗೆಂದರೆ ನೆಲಗಡಲೆ.

"ಎಂತ ಹೆಸರು ಮಾರಾಯ್ರೆ ಅದು?" ಅಮ್ಮ ಅಡಿಗೆಮನೆಯಿಂದಲೇ ಕೂಗಿದಳು. "ಬದುಕಿರುವವರ ಮನೆಯಲ್ಲಿ ಪಿಂಡ ಪಿಂಡ ಅಂತ ಕರೀಲಿಕ್ಕುಂಟಾ? ಕಾಗೆ ಬರ್ತದೆ ನೋಡಿ ಈಗ."

"ಪಿಂಡ ಅಲ್ವೇ, ಪಿಂಡಾ. ಪೀನಟ್ ಕಣೇ. ಎಷ್ಟು ಕ್ಯೂಟ್ ಆಗಿದೆ."

"ಕ್ಯೂಟೂ ಇಲ್ಲ ಎಂತದೂ ಇಲ್ಲ. ನಾನು ಕಡ್ಲೆ ಅಂತ ಕರೀತೇನೆ. ಅದು ಬಂದ್ರೆ ಬರ್ಲಿ, ಇಲ್ಲದಿದ್ರೆ ಬೇಡ."

ಅದು ಬಂತು. ಅಮ್ಮನ ಕೈಯಲ್ಲಿ ಚಪಾತಿಯ ಅಂಚು ಇತ್ತು, ಅದಕ್ಕೇ ಇರಬೇಕು. ಅಡಿಗೆಮನೆಯ ಟೈಲ್ಸ್ ಮುಗಿದು ಮರದ ನೆಲ ಶುರುವಾಗುವಲ್ಲಿ ಒಂದು ಸ್ಟೀಲ್ ಪಟ್ಟಿಯಿತ್ತು. ನಾಯಿ ಅದನ್ನು ದಾಟಕೂಡದು, ದೇವರ ಗೂಡಿನ ಕಡೆ ತಲೆ ಹಾಕಕೂಡದು, ತನ್ನನ್ನು ಮುಟ್ಟಕೂಡದು, ಇವು ಅಮ್ಮನ ಕಾನೂನು. ನಾಯಿ ಮೂರನ್ನೂ ದಿನಾ ಮುರಿಯುತ್ತಿತ್ತು. ಅದನ್ನು ಹೊರಗೆ ತಿರುಗಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅದು ಬೇರೆ ನಾಯಿಗಳ ಉಚ್ಚೆಯನ್ನು ಮೂಸಿ ಮೂಸಿ ಕೊನೆಗೆ ನೆಕ್ಕುತ್ತಿತ್ತು. ತಾನು ವಾಂತಿ ಮಾಡಿದ್ದನ್ನು ತಾನೇ ತಿನ್ನುತ್ತಿತ್ತು. ಅದರ ಹೇಲನ್ನು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಎತ್ತಬೇಕಿತ್ತು. ತೆಳು ಚೀಲದ ಮೂಲಕ ಆ ಬಿಸುಪು ಅಂಗೈಗೆ ತಾಗುತ್ತಿತ್ತು. ಮನೆಗೆ ಬಂದು ಮೂರು ಸಲ ಸೋಪು ಹಾಕಿದರೂ ಊಟದ ತುತ್ತು ಎತ್ತುವಾಗ ಅದೇ ಬಿಸುಪು ನೆನಪಾಗುತ್ತಿತ್ತು. ನಾನು ಆ ನಾಯಿಯನ್ನು ಪ್ರೀತಿಸುತ್ತಿದ್ದೆನೇ? ಹೌದೆಂದು ಬರೆದರೆ ಸುಳ್ಳಾಗುತ್ತದೆ.

ನಮ್ಮ ಹಿತ್ತಲ ಹುಲ್ಲು ಮುಗಿಯುವಲ್ಲಿ ಒಂದು ಕಾಲುವೆ. ಆ ಊರಿನಲ್ಲಿ ಯಾರ ಹಿತ್ತಲು ಮುಗಿಯುವುದೂ ಕಾಲುವೆಯಲ್ಲೇ. ಬೇಸಿಗೆ ಬಂತೆಂದರೆ ಅದರ ಮೇಲೆ ಸಾಸಿವೆಯಷ್ಟೇ ಪುಟ್ಟ ಎಲೆಗಳ ಒಂದು ಹಸಿರು ಪದರ ಹರಡಿಕೊಳ್ಳುತ್ತದೆ. ಡಚ್ಚರು ಅದಕ್ಕೆ ಕ್ರೋಸ್ ಎನ್ನುತ್ತಾರೆ. ನೀರು ಕಾಣುವುದೇ ಇಲ್ಲ. ಹುಲ್ಲೂ ಅದೂ ಒಂದೇ ಎಂಬಂತೆ ಸಪಾಟಾಗಿ ಕೂಡಿಕೊಂಡಿರುತ್ತದೆ. ಒಂದು ಭಾನುವಾರ ಬೆಳಿಗ್ಗೆ ನಾನು ಹಗ್ಗ ಬಿಚ್ಚಿದ್ದೇ ತಡ, ಕಡ್ಲೆ ಒಂದು ಬಾತುಕೋಳಿಯ ಹಿಂದೆ ಓಡಿತು. ಬಾತು ಹಾರಿತು. ಕಡ್ಲೆ ಹಸಿರಿನ ಮೇಲೆ ಕಾಲಿಟ್ಟು ಶಬ್ದವೇ ಇಲ್ಲದೆ ಮಾಯವಾಯಿತು. ಒಂದು ಕ್ಷಣದ ಮೇಲೆ ಹಸಿರು ಸೀಳಿಕೊಂಡು ಮೂತಿ ಮೇಲೆ ಬಂತು. ಕಾಲುವೆಯ ಎರಡು ದಡಕ್ಕೂ ಮರದ ಹಲಗೆ ನೆಟ್ಟಗೆ ಹೊಡೆದಿದ್ದರು, ಹತ್ತಲು ಇಳಿಜಾರಿಲ್ಲ. ಅದರ ಉಗುರು ಲೋಳೆಗಟ್ಟಿದ ಹಲಗೆಯನ್ನು ಕೆರೆಯುವ ಸದ್ದು ಕೇಳುತ್ತಿತ್ತು. ನಾನು ಅಂಚಿನಲ್ಲಿ ಮಂಡಿಯೂರಿ ಕೈ ಚಾಚಿದೆ. ಕೈಯ ಪಕ್ಕದಲ್ಲೇ, ಹಲಗೆಗೆ ಅಂಟಿಕೊಂಡು, ಹೊಟ್ಟೆ ಉಬ್ಬಿದ ಒಂದು ಸತ್ತ ಮೀನು ತೇಲುತ್ತಿತ್ತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

ಎಳೆದುಕೊಂಡು ಕಿರುಚಿದೆ. ಅಪ್ಪ ಕಾಫಿ ಲೋಟ ಬಿಸುಟು ಓಡಿ ಬಂದ, ಬೋರಲು ಮಲಗಿ ಹೆಗಲವರೆಗೆ ತೋಳು ಇಳಿಸಿ ಕತ್ತುಪಟ್ಟಿ ಹಿಡಿದು ಎತ್ತಿದ. ಕಡ್ಲೆ ಮೈಗೆಲ್ಲ ಪುದೀನಾ ಚಟ್ನಿ ಮೆತ್ತಿಕೊಂಡಂತೆ ನಿಂತು, ಕೆಮ್ಮಿ, ಮೈ ಕೊಡವಿತು. ಕಿರುಚಲೆಂದು ತೆರೆದಿದ್ದ ನನ್ನ ಬಾಯಿಯೊಳಗೆ ಆ ನೀರು ಬಿತ್ತು. ನಾನು ಅಲ್ಲೇ ವಾಂತಿ ಮಾಡಿದೆ. ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ಮಗು ಹೆದರಿದೆ ಎಂದರು. ಕೈ ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ಆವತ್ತಿನಿಂದ ನಾಯಿ ಕೆಟ್ಟುಹೋಯಿತು. ನೀರಿನ ಹತ್ತಿರ ಹೋಗುವುದಿಲ್ಲ ಎಂದರೆ ಈ ದೇಶದಲ್ಲಿ ಎಲ್ಲಿಗೂ ಹೋಗುವುದಿಲ್ಲ ಎಂದೇ ಅರ್ಥ. ಬೀದಿಯ ಕೊನೆಯ ಪುಟ್ಟ ಸೇತುವೆಯ ಬಳಿ ಬಂದರೆ ನಾಲ್ಕೂ ಕಾಲು ಊರಿ ನಿಂತು ನಡುಗುತ್ತಿತ್ತು. ಮಳೆ ನಿಂತ ಹೊಂಡಕ್ಕೂ ಹೆದರುತ್ತಿತ್ತು. ಕೊನೆಗೆ ಬಾಗಿಲೇ ದಾಟದಾಯಿತು. ಹಿತ್ತಲ ಬಾಗಿಲ ಎದುರಿನ ಕಲ್ಲುಚಪ್ಪಡಿಯ ಮೇಲೇ ಎಲ್ಲ ಮಾಡತೊಡಗಿತು. ಬಿಸಿಲಿಗೆ ಕಲ್ಲು ಕಾದು ನಾತ ಮೇಲೇಳುತ್ತಿತ್ತು, ನೊಣ ಮುತ್ತುತ್ತಿದ್ದವು. ಅಮ್ಮ ದಿನಕ್ಕೆರಡು ಸಲ ಬಿಸಿನೀರು ಸುರಿದು, ದುಪಟ್ಟಾದಲ್ಲಿ ಮೂಗು ಕಟ್ಟಿಕೊಂಡು ಉಜ್ಜುತ್ತಿದ್ದಳು. ಮೂರನೆಯ ಮನೆಯವರು ಬಂದು, ಬಹಳ ನಯವಾಗಿ, ವಾಸನೆ ಬರುತ್ತಿದೆ ಎಂದು ಹೇಳಿ ಹೋದರು. ಆ ವಾರವೇ ರೀಟಕ್ಕನ ಅಣ್ಣನ ಮಗ ಫೋನು ಮಾಡಿದ. ನಿಮಗೆ ತೊಂದರೆಯಾದರೆ ಅದನ್ನು ನಾಯಿಗಳ ಆಶ್ರಯತಾಣಕ್ಕೆ ಕೊಡೋಣ, ಆದರೆ ಇಷ್ಟು ಹೆದರುವ ನಾಯಿಯನ್ನು ಮತ್ತೆ ಯಾರಾದರೂ ಒಯ್ಯುತ್ತಾರೆಂಬ ನಂಬಿಕೆ ನನಗಿಲ್ಲ ಎಂದ. ಅಪ್ಪ ಸ್ಪೀಕರಿನಲ್ಲಿ ಹಾಕಿದ್ದ. ಅಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

ಮುಂದಿನ ಭಾನುವಾರ ಅಪ್ಪ ನಮ್ಮನ್ನೆಲ್ಲ ಕಾರಿಗೆ ಹತ್ತಿಸಿದ. ಊರಾಚೆ ಕಾಡಿನ ಅಂಚಿನಲ್ಲಿ ಒಂದು ದೊಡ್ಡ ಕೊಳವಿತ್ತು. ಒಂದು ಬದಿಗೆ ಮರಳು ಹಾಸಿದ ಇಳಿಜಾರು, ಅಲ್ಲಿ ನಾಯಿಗಳನ್ನು ಬಿಚ್ಚಿ ಬಿಡಬಹುದಿತ್ತು. ಇನ್ನೊಂದು ಬದಿಗೆ ಮರದ ಅಟ್ಟಣೆ. ಅಪ್ಪನ ಆಫೀಸಿನವರೊಬ್ಬರು ತಮ್ಮ ಕರಿ ನಾಯಿಯ ಜೊತೆ ಅಲ್ಲಿದ್ದರು. ಅದು ಚೆಂಡಿಗಾಗಿ ಅಟ್ಟಣೆಯಿಂದ ನೀರಿಗೆ ಹಾರುತ್ತಿತ್ತು, ಈಜಿ ಬರುತ್ತಿತ್ತು, ಮತ್ತೆ ಹಾರುತ್ತಿತ್ತು. ಅವರು ನಗುತ್ತಾ ಏನೋ ಅಂದರು, ಅಪ್ಪನೂ ನಕ್ಕ. ಆ ನಗು ನನಗೆ ಗೊತ್ತಿತ್ತು, ಆಫೀಸಿನವರ ಎದುರು ಮಾತ್ರ ಹೊರಬರುವ ನಗು. ಅಪ್ಪ ಕಡ್ಲೆಯನ್ನು ಎತ್ತಿಕೊಂಡು ಅಟ್ಟಣೆಯ ತುದಿಗೆ ನಡೆದ.

"ಏನು ಮಾಡ್ತೀರಿ ನೀವು?" ಅಮ್ಮ ಹಿಂದಿನಿಂದ ಕೂಗಿದಳು.

"ಎಲ್ಲ ನಾಯಿಗೂ ಹುಟ್ಟಿದಾಗ್ಲಿಂದ ಈಜು ಬರತ್ತೆ. ಒಂದ್ಸಲ ಬಿದ್ರೆ ಸರಿಹೋಗತ್ತೆ, ನೋಡ್ತಿರು."

ಎಸೆದೇ ಬಿಟ್ಟ. ಕಡ್ಲೆ ಬೆನ್ನು ಕೆಳಗಾಗಿ ನೀರಿಗೆ ಬಿತ್ತು. ಮುಳುಗಿ ಎದ್ದಾಗ ಅದು ಈಜಲಿಲ್ಲ. ನೀರಿನಲ್ಲಿ ನೆಟ್ಟಗೆ ನಿಂತು, ಮುಂಗಾಲುಗಳಿಂದ ಗಾಳಿಯನ್ನು ಬಡಿಯಿತು. ಕಣ್ಣಿನ ಬಿಳಿ ಕಾಣುತ್ತಿತ್ತು. ಆ ಕರಿ ನಾಯಿಯ ಯಜಮಾನರೇ ಸೊಂಟದವರೆಗೆ ಇಳಿದು ಅದನ್ನು ಮರಳಿನ ಕಡೆಗೆ ನೂಕಿದರು. ಅಪ್ಪ ಅಟ್ಟಣೆಯ ಮೇಲೆ ನಿಂತೇ ಇದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ಮುಖದ ಮೇಲೆ ಆ ನಗು ಇನ್ನೂ ಹಾಗೇ ಇತ್ತು, ತೆಗೆಯುವುದು ಹೇಗೆಂದು ತಿಳಿಯದವನ ಹಾಗೆ. ಕಡ್ಲೆ ದಡಕ್ಕೆ ಬಂದು ಕೊಳದ ನೀರನ್ನೆಲ್ಲ ಕಾರಿತು, ನಿಂತಲ್ಲೇ ಭೇದಿ ಮಾಡಿಕೊಂಡಿತು. ಅದನ್ನು ಹಾಗೇ ಕಾರಿನ ಹಿಂಬದಿಗೆ ಹಾಕಿಕೊಂಡು ಹೊರಟೆವು. ಕಿಟಕಿಯನ್ನೆಲ್ಲ ಇಳಿಸಿದರೂ ನಾತ ಹೋಗಲಿಲ್ಲ. ನನಗೆ ಹೊಟ್ಟೆ ತೊಳೆಸುತ್ತಿತ್ತು. ಆದರೆ ಆವತ್ತು ಅದು ನಾಯಿಯಿಂದಲ್ಲ. ಸ್ಟೇರಿಂಗ್ ಹಿಡಿದ ಅಪ್ಪನ ಕೈ, ಬೆರಳ ಮೇಲಿನ ಕೂದಲು, ಅವನ ಕತ್ತಿನ ಬೆವರು, ಎಲ್ಲವೂ ಹೇಸಿಗೆ ಹುಟ್ಟಿಸುತ್ತಿತ್ತು. ಮನುಷ್ಯರನ್ನು ಕಂಡೂ ಹಾಗಾಗುತ್ತದೆ, ಅದೂ ನಮ್ಮವರನ್ನು ಕಂಡೇ ಆಗುತ್ತದೆ ಎಂದು ನನಗೆ ಗೊತ್ತಾದದ್ದು ಆ ಕಾರಿನಲ್ಲಿ.

ಮನೆಗೆ ಬಂದ ಮೇಲೆ ಜಗಳವಾಯಿತು. ಅಪ್ಪ ಸೋಫಾದ ಅಂಚಿನಲ್ಲಿ ಕೂತಿದ್ದ. ಅಮ್ಮ ಸ್ಟೀಲ್ ಪಟ್ಟಿಯ ಆಚೆ, ನಾಯಿಯ ಪಕ್ಕದಲ್ಲಿ ನಿಂತಿದ್ದಳು.

"ಯಾರ ಹತ್ರ ಶಭಾಷ್ ಅನ್ನಿಸಿಕೊಳ್ಲಿಕ್ಕೆ ಅದನ್ನು ಬಿಸಾಡಿದ್ದು ನೀವು?"

"ನಾನು ಒಳ್ಳೇದಕ್ಕೇ ಮಾಡಿದ್ದು ಕಣೇ. ಶೆಲ್ಟರ್‌ಗೆ ಹೋದ್ರೆ ಅದರ ಗತಿ ಏನು?"

"ಒಳ್ಳೇದಕ್ಕೆ ಹೀಗೆ ಬಿಸಾಡ್ತಾರಾ? ನಮ್ಮ ಅಣ್ಣ ನನ್ನನ್ನು ಬಿಸಾಡಿ ಕಲಿಸಿದ್ದಲ್ಲ."

ಅಪ್ಪ ತಲೆಯೆತ್ತಿದ. ನಾನೂ. ಅಮ್ಮನಿಗೆ ಈಜು ಬರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ಅಪ್ಪ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಉಡುಪಿಯ ಹತ್ತಿರದ ಅವಳ ಊರಿನಲ್ಲಿ ಗದ್ದೆಗೆ ನೀರುಣಿಸುವ ಒಂದು ಮದಗವಿತ್ತಂತೆ. ಎರಡು ಒಣ ತೆಂಗಿನಕಾಯಿಯನ್ನು ಸಿಪ್ಪೆಯ ನಾರಿನಿಂದಲೇ ಜೋಡಿಸಿ ಹೊಟ್ಟೆಯಡಿ ಕಟ್ಟಿ ಅವಳ ಅಣ್ಣ ಅವಳನ್ನು ನೀರಿಗೆ ಬಿಡುತ್ತಿದ್ದನಂತೆ. ಹನ್ನೆರಡು ತುಂಬಿದ ಮೇಲೆ, ದೊಡ್ಡವಳಾದಳು ಎಂದು ಮನೆಯವರು ಮದಗದ ಕಡೆ ಹೋಗುವುದನ್ನೇ ನಿಲ್ಲಿಸಿದರಂತೆ. ಇಷ್ಟನ್ನು ಅಮ್ಮ ಸಿಟ್ಟಿನಲ್ಲಿ, ತುಳು ಕನ್ನಡ ಬೆರೆಸಿ ಹೇಳಿದಳು. ಹೇಳಿ ಬಾಗಿ, ಮೊದಲ ಸಲ ಆ ನಾಯಿಯನ್ನು ಬರಿಗೈಯಲ್ಲಿ ಮುಟ್ಟಿದಳು. ಅದರ ಹಿಂಗಾಲಿಗೆ ಇನ್ನೂ ಭೇದಿ ಮೆತ್ತಿಕೊಂಡಿತ್ತು. ಅವಳ ಮೂಗಿನ ಹೊಳ್ಳೆ ಬಿಗಿದುಕೊಂಡದ್ದನ್ನು ನಾನು ನೋಡಿದೆ. ಎತ್ತಿಕೊಂಡು ಮೇಲಿನ ಬಚ್ಚಲಿಗೆ ನಡೆದಳು.

ಬುಧವಾರ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು. ಆ ವಾರ ಅಮ್ಮ ಕಡ್ಲೆಯನ್ನು ಎತ್ತಿಕೊಂಡು ಗೇಟಿನಲ್ಲಿ ಕಾಯುತ್ತಿದ್ದಳು. ಹಳೆಯ ಚೂಡಿದಾರ, ಹೆಗಲಿಗೆ ಊರಿನಿಂದ ತಂದ ಮೈಯೊರಸುವ ಬೈರಾಸು, ಚೀಲದಲ್ಲಿ ತುಪ್ಪ ಸವರಿದ ಚಪಾತಿ, ಮುಚ್ಚಳ ಬಿಗಿದ ಎರಡು ಖಾಲಿ ಎಣ್ಣೆ ಬಾಟಲಿ. ಸೇತುವೆ ಬಂದಾಗ ಕಡ್ಲೆಯನ್ನು ಬೈರಾಸಿನಲ್ಲಿ ಸುತ್ತಿ, ಕಣ್ಣು ಮುಚ್ಚುವಂತೆ ಎದೆಗೊತ್ತಿಕೊಂಡು ದಾಟಿಸಿದಳು. ಕೊಳದಲ್ಲಿ ಅಟ್ಟಣೆಯ ಕಡೆ ಮುಖವನ್ನೂ ಹಾಕದೆ ಮರಳಿನ ಇಳಿಜಾರಿಗೆ ಹೋದೆವು. ಮೊದಲ ದಿನ ನೀರಿನಿಂದ ಹತ್ತು ಮಾರು ದೂರ ಕೂತು ಚಪಾತಿ ತಿನ್ನಿಸಿ ವಾಪಸು ಬಂದೆವು, ಅಷ್ಟೇ. ಎರಡನೆಯ ಸಲ ಐದು ಮಾರು. ಮೂರನೆಯ ಸಲ ಅಮ್ಮ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಚಪಾತಿಯ ಚೂರನ್ನು ಒದ್ದೆ ಮರಳಿನ ಮೇಲೆ ಇಟ್ಟಳು. ಕಡ್ಲೆ ಕತ್ತನ್ನು ಉದ್ದ ಮಾಡಿ, ಹಿಂಗಾಲನ್ನು ಒಣಗಿದ ಕಡೆಯೇ ಬಿಟ್ಟು, ಕಿತ್ತುಕೊಂಡು ಓಡಿತು. ಅಮ್ಮ ಕರೆಯಲಿಲ್ಲ, ಎಳೆಯಲಿಲ್ಲ. ಇನ್ನೊಂದು ಚೂರು ಇಟ್ಟಳು.

ನಾನು ಮೇಲೆ, ಮರಳಿನಲ್ಲೂ ಶುಭ್ರವಾದ ಜಾಗ ಹುಡುಕಿ, ಮಡಚಿದ ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತಿದ್ದೆ. ಈ ದೇಶದ ಮಕ್ಕಳಿಗೆಲ್ಲ ಇರುವಂತೆ ನನಗೂ ಈಜಿನ ಡಿಪ್ಲೊಮಾ ಇತ್ತು. ಬಟ್ಟೆ ಬೂಟು ಹಾಕಿಕೊಂಡೇ ಈಜಿ ಪಾಸಾಗಿದ್ದೆ. ಆದರೆ ಅದು ಕ್ಲೋರಿನ್ ಹಾಕಿದ ನೀಲಿ ನೀರಿನಲ್ಲಿ, ತಳದ ಟೈಲ್ಸ್ ಎಣಿಸಬಹುದಾದ ನೀರಿನಲ್ಲಿ. ಈ ಕೊಳದ ಅಂಚಿನಲ್ಲಿ ಹೆಬ್ಬಾತುಗಳ ಹಿಕ್ಕೆ ಹಸಿರು ಬತ್ತಿಗಳಂತೆ ಬಿದ್ದಿರುತ್ತಿತ್ತು. ಯಾರದೋ ಗಾಯದ ಪಟ್ಟಿ, ಸಿಗರೇಟಿನ ತುಂಡು, ಕಂದು ನೊರೆ ದಡಕ್ಕೆ ಬಂದು ಬಂದು ತಾಗುತ್ತಿದ್ದವು. ಅಮ್ಮ ಅದರೊಳಗೆ ಕಾಲಿಡುತ್ತಿದ್ದಳು. ಕಕ್ಕಸಿಗೆ ಬಾಲ್ದಿ ಹೊತ್ತು ಹೋಗುವ ಅಮ್ಮ. ನನಗೆ ಅವಳು ಪಕ್ಷ ಬದಲಿಸಿದಂತೆ ಕಂಡಿತು. ಹೇಸುವವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೆ.

ವಾರಗಳು ಕಳೆದವು. ಕಡ್ಲೆ ಪಾದದಷ್ಟು ನೀರಿಗೆ ಬಂತು, ಆಮೇಲೆ ಮೊಣಕಾಲಷ್ಟಕ್ಕೆ. ಒಂದು ದಿನ ನೀರನ್ನು ಮುಂಗಾಲಿನಿಂದ ಬಡಿದು, ಹಾರಿದ ಹನಿಯನ್ನು ಕಚ್ಚಲು ಹೋಗಿ, ತನಗೇ ಆಶ್ಚರ್ಯವಾಗಿ ಮತ್ತೆ ಬಡಿಯಿತು. ಅಮ್ಮ ಗಟ್ಟಿಯಾಗಿ ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಫೋನಿನಲ್ಲಿ ಅವಳ ಅಕ್ಕನ ಜೊತೆ ಮಾತಾಡುವಾಗ ಮಾತ್ರ ಕೇಳಿದ್ದೆ. ಬೇಸಿಗೆ ರಜೆ ಶುರುವಾಯಿತು. ಒಂದು ಬಿಸಿಲಿನ ಮಧ್ಯಾಹ್ನ ಅವಳು ಎರಡು ಬಾಟಲಿಯನ್ನೂ ಬೈರಾಸಿನಲ್ಲಿ ಸುತ್ತಿ ಕಡ್ಲೆಯ ಪಕ್ಕೆಗೆ ಒಂದೊಂದು ಬರುವಂತೆ ಕಟ್ಟಿದಳು. ಚೂಡಿದಾರದಲ್ಲೇ ನೀರಿಗೆ ನಡೆದಳು. ಸೊಂಟ, ಹೊಟ್ಟೆ, ಎದೆ. ಕಡ್ಲೆ ಅವಳ ಹಿಂದೆಯೇ ಹೋಯಿತು, ಕೆಳಗೆ ನೆಲ ತಪ್ಪಿತು, ಹಳೆಯ ಹೆದರಿಕೆಯಲ್ಲಿ ಮುಂಗಾಲು ಮೇಲೆದ್ದು ಗಾಳಿ ಬಡಿಯಲು ಹೊರಟಿತು. ಅಮ್ಮ ಒಂದು ಕೈಯನ್ನು ಅದರ ಹೊಟ್ಟೆಯಡಿಗೂ ಇನ್ನೊಂದನ್ನು ಸೊಂಟದಡಿಗೂ ಕೊಟ್ಟು ಮೈಯನ್ನು ಸಪಾಟು ಮಾಡಿದಳು. "ಹಾಗೆ, ಹಾಗೆ ಮಗಾ, ಎಂತ ಅವಸರ ಇಲ್ಲ" ಎನ್ನುತ್ತಿದ್ದಳು. ಕಾಲು ನೀರಿನೊಳಗೆ ಹೋಯಿತು, ತಿರುಗಿತು, ಅಮ್ಮ ಕೈ ಸಡಿಲಿಸಿದಳು. ಕಡ್ಲೆ ಈಜಿತು. ಮೂಗು ಮೇಲೆ ಮಾಡಿ, ಸೀನುತ್ತಾ, ಅಮ್ಮನ ಸುತ್ತ ಒಂದು ಸುತ್ತು ಬಂತು. ಅಮ್ಮ ಕುತ್ತಿಗೆವರೆಗಿನ ನೀರಿನಲ್ಲಿ ಎರಡೂ ಕೈ ಎತ್ತಿ ನನ್ನನ್ನು ಕೂಗಿದಳು.

ಆಗಲೇ ನನ್ನ ಹಿಂದೆ ಫೆಮ್ಕ ಬಂದು ನಿಂತಿದ್ದಳು. ನನ್ನ ತರಗತಿಯ ಹುಡುಗಿ, ಕೈಯಲ್ಲಿ ಐಸ್‌ಕ್ರೀಮು, ಜೊತೆಯಲ್ಲಿ ಇನ್ನಿಬ್ಬರು. ಅಮ್ಮ ಕಡ್ಲೆಯನ್ನು ಎತ್ತಿಕೊಂಡು ದಡಕ್ಕೆ ಬರುತ್ತಿದ್ದಳು. ಚೂಡಿದಾರ ಮೈಗೆ ಅಂಟಿಕೊಂಡು ಒಳಗಿನದೆಲ್ಲ ಕಾಣುತ್ತಿತ್ತು. ಹೊಟ್ಟೆಯ ಮಡಿಕೆ, ಪೈಜಾಮದ ಲಾಡಿ, ಕಿವಿಯ ಮೇಲೆ ಜೋತ ನೀರುಗಿಡದ ಎಳೆ. ಕಡ್ಲೆ ಅವಳ ಕತ್ತನ್ನು ನೆಕ್ಕುತ್ತಿತ್ತು, ಅವಳು ನಗುತ್ತಿದ್ದಳು, ಬಾಯಿ ತೆರೆದು, ಹಲ್ಲೆಲ್ಲ ಕಾಣುವಂತೆ.

"ಅದು ನಿನ್ನ ಅಮ್ಮನಾ?" ಫೆಮ್ಕ ಡಚ್ಚಿನಲ್ಲಿ ಕೇಳಿದಳು.

"ಅಲ್ಲ," ಎಂದೆ, ಡಚ್ಚಿನಲ್ಲೇ. "ಬ್ಯೂರ್‌ಫ್ರಾವ್."

ಪಕ್ಕದ ಮನೆಯ ಹೆಂಗಸು. ಅಮ್ಮ ಆರು ಹೆಜ್ಜೆ ದೂರದಲ್ಲಿದ್ದಳು. ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಡಚ್ ಕಲಿಯಲು ಹೋಗುತ್ತಿದ್ದಳಾದರೂ ಅಂಗಡಿಯಲ್ಲಿ ನಾನೇ ಮಾತಾಡಬೇಕಿತ್ತು. ಅವಳಿಗೆ ತಿಳಿದಿರಲಾರದು ಎಂದುಕೊಂಡೆ. ಅವಳ ನಗು ನಿಂತಿತ್ತು. ಆದರೆ ಏದುಸಿರು ಬಿಡುತ್ತಿದ್ದಳಲ್ಲ, ಅದಕ್ಕಿರಬಹುದು. ಬೈರಾಸು ಬಿಚ್ಚಿ ನಾಯಿಯ ಕಿವಿ ಒರಸಿದಳು, ತಲೆಯೆತ್ತಲಿಲ್ಲ. ಫೆಮ್ಕ ಹೋದಳು. ದಾರಿಯುದ್ದಕ್ಕೂ ನಾನು ನಾಲ್ಕು ಹೆಜ್ಜೆ ಹಿಂದೆ ನಡೆದೆ. ನಾಯಿ ತಾನಾಗಿಯೇ ಸೇತುವೆ ದಾಟಿತು.

ಆರು ಗಂಟೆಗೆ, ಹಿತ್ತಲಲ್ಲಿ ಬಿಸಿಲು ಇನ್ನೂ ಚುರುಕಾಗಿದ್ದಾಗ, ಅಮ್ಮ ಅಡಿಗೆಮನೆಯಿಂದ ಕೂಗಿದಳು.

"ದ ಬ್ಯೂರ್‌ಫ್ರಾವ್ ಹೇಫ್ಟ್ ಖೆಕೋಕ್ಟ್. ಕೊಮ್ ಏತನ್."

ಪಕ್ಕದ ಮನೆಯವಳು ಅಡಿಗೆ ಮಾಡಿದ್ದಾಳೆ, ಊಟಕ್ಕೆ ಬಾ. ಒಂದು ತಪ್ಪೂ ಇಲ್ಲದ ವಾಕ್ಯ. ಮನಸ್ಸಿನಲ್ಲಿ ಎಷ್ಟು ಸಲ ಉರು ಹೊಡೆದಿದ್ದಳೋ. ಅಪ್ಪ ಜೋಕೆಂದುಕೊಂಡು ನಕ್ಕ. ಮೇಜಿನ ಮೇಲೆ ಅನ್ನ, ತೊವ್ವೆ, ಬೀಟ್‌ರೂಟ್ ಪಲ್ಯ. ಅಮ್ಮ ನನಗೆ ಬಡಿಸಿದಳು, ತುಪ್ಪ ಹಾಕಿದಳು, ಎಂದಿನಂತೆ ಇನ್ನೊಂದು ಚಮಚ ಹಾಕಿದಳು. ನಾನು ಕಲಸಿದ್ದನ್ನು ಬಾಯಿಗೆ ಇಡಲಾಗಲಿಲ್ಲ. ನನ್ನ ಕೈ ನನಗೇ ಬೇಡವಾಗಿತ್ತು, ನಾಲಿಗೆಯಂತೂ ಇನ್ನೂ. ಎಂಜಲು, ಲೋಳೆ, ಹಿಕ್ಕೆ, ಹೇಲು ಎಲ್ಲಕ್ಕೂ ಮೂಗು ಮುಚ್ಚಿಕೊಂಡವಳಿಗೆ ಆವತ್ತು ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ವಾಸನೆ ಹೊರಗಿನದಾಗಿದ್ದರೆ ತಾನೆ.

ಮುಂದಿನ ಬುಧವಾರ ಮೋಡ ಕವಿದಿತ್ತು. ಕೊಳದ ಬಳಿ ಯಾರೂ ಇರಲಿಲ್ಲ. ಅಮ್ಮ ಕಡ್ಲೆಯ ಜೊತೆ ಆಗಲೇ ನೀರಿಗಿಳಿದಿದ್ದಳು. ನಾನು ಚಪ್ಪಲಿ ಬಿಚ್ಚಿದೆ. ನೋಡುವವರು ಯಾರೂ ಇಲ್ಲದ ದಿನವನ್ನೇ ಆರಿಸಿಕೊಂಡೆ ಎಂಬುದನ್ನೂ ಇಲ್ಲಿ ಬರೆದಿಡಬೇಕು. ಮೊದಲ ಹೆಜ್ಜೆಗೇ ಕಾಲ್ಬೆರಳ ಸಂದಿಯಿಂದ ಕೆಸರು ಮೆತ್ತಗೆ ಮೇಲೆ ಬಂತು, ಕೊಳೆತ ಬಾಳೆಹಣ್ಣಿನ ಮೇಲೆ ಕಾಲಿಟ್ಟಂತೆ. ಏನೋ ಬಳ್ಳಿ ಮೊಣಕಾಲಿಗೆ ಸುತ್ತಿಕೊಂಡಿತು. ಗಂಟಲಿಗೆ ಬಂದದ್ದನ್ನು ನುಂಗಿ ನುಂಗಿ ಎದೆಮಟ್ಟಕ್ಕೆ ಬಂದೆ.

"ಅಮ್ಮಾ, ನಿಂಗೆ ಅಸಹ್ಯ ಆಗಲ್ವಾ ಇದೆಲ್ಲಾ?"

"ಆಗದೆ ಎಂತ? ಮೊದಲ ದಿನ ಮನೆಗ್ ಹೋಗಿ ವಾಂತಿ ಮಾಡಿದ್ದೆ. ಇವತ್ತೂ ಮೈಯೆಲ್ಲ ಜುಮ್ ಅಂತಾ ಉಂಟು."

"ಮತ್ತೆ ಯಾಕೆ ಇಳೀತೀಯ?"

"ಅದು ಮುಳುಗ್ತಿತ್ತಲ್ಲ ಮಾರಾಯ್ತಿ."

ಬೇರೇನೂ ಕಾರಣ ಬೇಕೇ ಎಂಬಂತೆ ನನ್ನನ್ನು ನೋಡಿದಳು. ಕಡ್ಲೆ ನಮ್ಮಿಬ್ಬರ ನಡುವೆ ಈಜುತ್ತಿತ್ತು, ಬಾಟಲಿಯಿಲ್ಲದೆ, ಬಾಯಲ್ಲೊಂದು ಕಡ್ಡಿ ಕಚ್ಚಿಕೊಂಡು, ಯಾರಿಗೋ ತೋರಿಸಲೆಂಬಂತೆ.

"ಅಮ್ಮಾ, ಅವತ್ತು ನಾನು ಫೆಮ್ಕ ಹತ್ರ..."

"ಅದರ ಸೊಂಟ ಎತ್ತು," ಎಂದಳು ಅಮ್ಮ. "ಸುಸ್ತಾಗಿದೆ ಅದಕ್ಕೆ. ಮುಳುಗ್ತಾ ಉಂಟು ನೋಡು."

ಎತ್ತಿದೆ. ಆ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಯಾವತ್ತೂ ಅದನ್ನು ಹೇಳಲು ಅವಳು ನನಗೆ ಅವಕಾಶ ಕೊಡಲಿಲ್ಲ, ನಾನೂ ಕೇಳಿ ಪಡೆಯಲಿಲ್ಲ.

ಮಳೆ ಹಿಡಿದುಕೊಂಡಿತು. ನಡೆಯಲಾಗದೆ ಬಸ್ಸು ಹತ್ತಿದೆವು. ಮೂವರ ಮೈಯಿಂದಲೂ ನೀರು ಸೋರುತ್ತಿತ್ತು. ಕೊಳದ ಕೆಸರು, ತುಪ್ಪ, ನಾಯಿ ಎಲ್ಲ ಬೆರೆತ ನಾತ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ತುಂಬಿಕೊಂಡಿತು. ನಮ್ಮ ಎದುರು ಒಬ್ಬ ಹೆಂಗಸು ಕೂತಿದ್ದಳು, ಅಚ್ಚುಕಟ್ಟಾದ ಕೋಟು ತೊಟ್ಟವಳು. ಅವಳು ಮೊದಲು ನಾಯಿಯನ್ನು ನೋಡಿದಳು. ಆಮೇಲೆ ಅಮ್ಮನನ್ನು, ಅಂಟಿಕೊಂಡ ಚೂಡಿದಾರವನ್ನು, ಕೆಸರು ಮೆತ್ತಿದ ಕಾಲನ್ನು, ನಿಧಾನವಾಗಿ ಮೇಲಿಂದ ಕೆಳಗೆ. ಸ್ಕಾರ್ಫನ್ನು ಮೂಗಿಗೆ ಒತ್ತಿಕೊಂಡು ಎದ್ದು ಹಿಂದಿನ ಸೀಟಿಗೆ ಹೋದಳು. ಅಮ್ಮ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ಕಂಡಳೋ ಇಲ್ಲವೋ ಗೊತ್ತಿಲ್ಲ. ನನಗೆ ಮಾತ್ರ ಆ ನೋಟದ ಗುರುತು ಚೆನ್ನಾಗಿತ್ತು. ವಾರದ ಹಿಂದೆ ದಡದಲ್ಲಿ ನಿಂತು ನಾನು ನೋಡಿದ್ದೂ ಹಾಗೆಯೇ. ಸರಿದು ಅಮ್ಮನಿಗೆ ಒತ್ತಿ ಕೂತೆ. ಅವಳ ತೋಳು ತಣ್ಣಗೆ, ಜಾರುಜಾರಾಗಿ ನನ್ನ ತೋಳಿಗೆ ಅಂಟಿಕೊಂಡಿತು. ಕಡ್ಲೆ ಇಬ್ಬರ ಪಾದದ ಮೇಲೂ ಮಲಗಿ ಸದ್ದು ಮಾಡುತ್ತಾ ತನ್ನ ಒದ್ದೆ ಹೊಟ್ಟೆ ನೆಕ್ಕಿಕೊಳ್ಳತೊಡಗಿತು. ನಾತ ತಡೆಯಲಾಗುತ್ತಿರಲಿಲ್ಲ. ನಮ್ಮ ಸ್ಟಾಪು ಬರಲು ಇನ್ನೂ ನಾಲ್ಕು ಸ್ಟಾಪು ಇತ್ತು.